ಕೊಲ್ಲಿಯನ್ನು ಕಾಯ್ದವರು, ಕಡಲನ್ನು ಒಪ್ಪದವರು

1998ರಲ್ಲಿ ಅಮೆರಿಕದಲ್ಲಿ ಎರಡು ಬರಹಗಳು ಸಿದ್ಧವಾದವು. ಒಂದು ವಾಷಿಂಗ್ಟನ್ನಿನಲ್ಲಿ. ಭೂಮಿಯನ್ನು ಬಿಸಿಮಾಡುವ ಹೊಗೆಯನ್ನು ತಗ್ಗಿಸುವ ಕ್ಯೋಟೊ ಒಪ್ಪಂದವಾಗಿ ಇನ್ನೂ ಕೆಲವೇ ತಿಂಗಳಾಗಿತ್ತು. ತೈಲ ಕಂಪನಿಗಳ ಸಂಘವಾದ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಸೇರಿಸಿದ ಗುಂಪೊಂದು ಪ್ರಚಾರದ ಯೋಜನೆಯೊಂದನ್ನು ಬರೆಯಿತು. ಹವಾಮಾನ ವಿಜ್ಞಾನದಲ್ಲಿ ಅನಿಶ್ಚಿತತೆಗಳಿವೆ ಎಂದು ಸಾಮಾನ್ಯ ಪ್ರಜೆಗೆ ಮನವರಿಕೆಯಾದ ದಿನ ಗೆಲುವು ನಮ್ಮದು ಎಂಬುದು ಅದರ ತಿರುಳು. ಏಪ್ರಿಲ್‌ನಲ್ಲಿ ಅದು ಪತ್ರಿಕೆಗೆ ಸಿಕ್ಕಿ ಬಯಲಾಯಿತು. ಇನ್ನೊಂದು ಬರಹ ಹುಟ್ಟಿದ್ದು ವರ್ಜೀನಿಯಾ ರಾಜ್ಯಕ್ಕೆ ಸೇರಿದ, ಚೆಸಪೀಕ್ ಕೊಲ್ಲಿಯ ನಡುವಿರುವ ಟ್ಯಾಂಜಿಯರ್ ಎಂಬ ಪುಟ್ಟ ದ್ವೀಪದಲ್ಲಿ. ಅಲ್ಲಿ ಏಡಿ ಹಿಡಿದು ಬದುಕುವ ಐವತ್ತಕ್ಕೂ ಹೆಚ್ಚು ಮಂದಿ ಚರ್ಚಿನಲ್ಲಿ ಮೊಣಕಾಲೂರಿ ಒಂದು ಒಡಂಬಡಿಕೆ ಮಾಡಿಕೊಂಡರು. ದೇವರ ಸೃಷ್ಟಿಯನ್ನು ಕಾಯುತ್ತೇವೆ, ಮೀನುಗಾರಿಕೆಯ ಕಾನೂನು ಮೀರುವುದಿಲ್ಲ, ದೋಣಿಯ ಕಸವನ್ನು ನೀರಿಗೆಸೆಯದೆ ದಡಕ್ಕೆ ತರುತ್ತೇವೆ ಎಂದು ಸಹಿ ಹಾಕಿದರು. ಹತ್ತೊಂಬತ್ತು ವರ್ಷಗಳ ಬಳಿಕ ಈ ಎರಡು ಬರಹಗಳ ಫಲವೂ ಅದೇ ದ್ವೀಪದಲ್ಲಿ ಒಟ್ಟಿಗೆ ಕಾಣಿಸಿಕೊಂಡಿತು. ಕೊಲ್ಲಿಯನ್ನು ಅಷ್ಟು ಮನಸ್ಸಿಟ್ಟು ಕಾಯ್ದ ಜನರೇ, ಊರನ್ನು ನುಂಗುತ್ತಿರುವ ಕಡಲು ಏರುತ್ತಿದೆ ಎಂಬುದನ್ನು ಒಪ್ಪಲಿಲ್ಲ. ಪ್ರಕೃತಿಯ ಮೇಲೆ ಪ್ರೀತಿಯಿದ್ದವರು ಹವಾಮಾನ ಬದಲಾವಣೆಯನ್ನು ತಾವಾಗಿಯೇ ಒಪ್ಪುತ್ತಾರೆ, ಒಪ್ಪದವರಿಗೆ ಪ್ರಕೃತಿ ಬೇಕಿಲ್ಲ ಎಂಬ ನಮ್ಮ ಸಾಮಾನ್ಯ ನಂಬಿಕೆ ಟ್ಯಾಂಜಿಯರ್‌ನ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಸ್ವಂತ ಕಾಳಜಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಕೈಗೆಟುಕುವ ಹಾನಿಯವರೆಗೆ ಮಾತ್ರ ಹೋಗುತ್ತದೆ. ಅದರಾಚೆಯ ಹಾನಿಯ ವಿಷಯದಲ್ಲಿ ಜನ ತಾವು ನಂಬಿದವರ ಮಾತು ಕೇಳುತ್ತಾರೆ. ಆ ಜಾಗವನ್ನೇ ರಾಜಕೀಯ ಹಿಡಿದುಕೊಂಡಿತು ಎಂಬುದು ನನ್ನ ವಾದ.

ದ್ವೀಪವನ್ನು ಮೊದಲು ನೋಡೋಣ. ಮೇರಿಲ್ಯಾಂಡಿನ ಕ್ರಿಸ್‌ಫೀಲ್ಡ್ ಪಟ್ಟಣದಿಂದ ಸುಮಾರು 12 ಮೈಲಿ ನೀರಿನ ದಾರಿ. ಬಹುಪಾಲು ಜೌಗು. ಜೌಗಿನ ನಡುವೆ ಉದ್ದುದ್ದಕ್ಕೆ ಮಲಗಿದ ಮೂರು ಸಣ್ಣ ದಿಬ್ಬಗಳ ಮೇಲೆ ಮನೆ, ಚರ್ಚು, ಶಾಲೆ, ಸಮಾಧಿಗಳು. ಒಣನೆಲ ಅಷ್ಟು ಕಡಿಮೆಯಿರುವುದರಿಂದ ಹಲವು ಮನೆಗಳ ಅಂಗಳದಲ್ಲೇ ಹಿರಿಯರನ್ನು ಹೂಳಿದ್ದಾರೆ. ದಿಬ್ಬಗಳು ನೀರಿಗಿಂತ ಎತ್ತರವಿರುವುದು ಮೂರ್ನಾಲ್ಕು ಅಡಿ ಅಷ್ಟೆ. ಕ್ಯಾಪ್ಟನ್ ಜಾನ್ ಸ್ಮಿತ್ 1608ರಲ್ಲಿ ಈ ಭಾಗದ ದ್ವೀಪಗಳನ್ನು ನಕಾಶೆಗೆ ಇಳಿಸಿದ. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಕ್ರಾಕೆಟ್ ಮನೆತನ ಇಲ್ಲಿ ನೆಲೆಯೂರಿತ್ತು; ಇಂದಿಗೂ ದ್ವೀಪದಲ್ಲಿ ಆ ಹೆಸರಿನವರು ಬಹಳ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಸಾವಿರಕ್ಕೂ ಮೇಲೆ ಜನರಿದ್ದರು. 2010ರ ಜನಗಣತಿಯಲ್ಲಿ 727, 2020ರಲ್ಲಿ 436.

ಇಲ್ಲಿನ ಜನ ತಮ್ಮ ನೆಲದ ಬಗ್ಗೆ ತೋರಿದ ಅಕ್ಕರೆಗೆ ಎರಡು ಶತಮಾನಗಳ ದಾಖಲೆಯಿದೆ. 1814ರಲ್ಲಿ, ಅಮೆರಿಕದೊಂದಿಗೆ ಯುದ್ಧದಲ್ಲಿದ್ದ ಬ್ರಿಟಿಷ್ ನೌಕಾಪಡೆ ದ್ವೀಪವನ್ನು ವಶಪಡಿಸಿಕೊಂಡು ದಕ್ಷಿಣದ ತುದಿಯಲ್ಲಿ ಫೋರ್ಟ್ ಆಲ್ಬಿಯನ್ ಎಂಬ ಕೋಟೆ ಕಟ್ಟಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕಪ್ಪುಜನರಿಗೆ ಆಶ್ರಯ ಕೊಟ್ಟು, ಅವರಲ್ಲಿ ಹಲವರನ್ನು ಸೈನಿಕರನ್ನಾಗಿ ತರಬೇತುಗೊಳಿಸಿದ್ದೂ ಅಲ್ಲೇ. ಕೋಟೆಗಾಗಿ ಸೈನಿಕರು ಮರ ಕಡಿಯತೊಡಗಿದಾಗ ದ್ವೀಪಗಳ ಪಾದ್ರಿ ಎಂದೇ ಹೆಸರಾದ ಜೋಶುವಾ ಥಾಮಸ್ ಎಂಬ ಮೀನುಗಾರ-ಬೋಧಕ ಅಡ್ಮಿರಲ್ ಕಾಕ್‌ಬರ್ನ್ ಬಳಿ ಹೋಗಿ, ಭಕ್ತರು ಸೇರುವ ತೋಪನ್ನು ಮುಟ್ಟಬೇಡಿ ಎಂದು ಕೇಳಿಕೊಂಡ. ತೋಪು ಉಳಿಯಿತು ಎಂದು 1861ರಲ್ಲಿ ಬಂದ ಅವನ ಜೀವನಚರಿತ್ರೆ ಹೇಳುತ್ತದೆ. ಕೊಡಲಿ ಹಿಡಿದವನು ಎದುರಿಗಿದ್ದ, ಅವನಿಗೊಬ್ಬ ಮೇಲಧಿಕಾರಿಯಿದ್ದ, ಹೋಗಿ ಕೇಳಬಹುದಿತ್ತು. ಆ ಕೋಟೆಯಿದ್ದ ಜಾಗವೀಗ ನೀರಿನಡಿ ಇದೆ. ಉತ್ತರದ ಅಪರ್ಡ್ಸ್ ಭಾಗದಲ್ಲಿ ಕಾನಾನ್ ಎಂಬ ಹಳ್ಳಿಯಿತ್ತು. 1920ರ ದಶಕ ಮುಗಿಯುವಷ್ಟರಲ್ಲಿ ಅಲ್ಲಿನ ಸಂಸಾರಗಳು ಮನೆಗಳನ್ನೇ ಬಿಚ್ಚಿಕೊಂಡು ಮುಖ್ಯ ದಿಬ್ಬಕ್ಕೆ ಬಂದವು. 2012ರ ಸ್ಯಾಂಡಿ ಚಂಡಮಾರುತದ ನಂತರ ಕಾನಾನಿನ ಸ್ಮಶಾನ ಬಯಲಾಗಿ, ಸಮಾಧಿ ಕಲ್ಲುಗಳು ಮರಳದಂಡೆಯ ಮೇಲೆ ಬಿದ್ದಿದ್ದವು, ಎಲುಬುಗಳೂ ಹೊರಬಂದಿದ್ದವು.

ಟ್ಯಾಂಜಿಯರ್‌ನ ಕಸುಬು ನೀಲಿ ಏಡಿ, ಅದರಲ್ಲೂ ಮೆತ್ತನೆ ಏಡಿ. ಏಡಿ ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಕಳಚಬೇಕು. ಕಳಚಿದ ಕೆಲವು ಗಂಟೆ ಮಾತ್ರ ಅದರ ಮೈ ಇಡಿಯಾಗಿ ತಿನ್ನುವಷ್ಟು ಮೃದುವಾಗಿರುತ್ತದೆ. ಆ ಗಳಿಗೆಯನ್ನು ಹಿಡಿಯುವುದೇ ಇಲ್ಲಿನವರ ವಿದ್ಯೆ. ಏಡಿಯ ಹಿಂಗಾಲು ಈಜುವುದಕ್ಕೆ ಹುಟ್ಟಿನ ಹಾಗೆ ಚಪ್ಪಟೆಯಾಗಿರುತ್ತದೆ. ಅದನ್ನು ಬೆಳಕಿಗೆ ಹಿಡಿದರೆ ಅಂಚಿನ ಒಳಗೆ ಕೂದಲೆಳೆಯಷ್ಟು ಸಣ್ಣ ಗೆರೆ ಕಾಣುತ್ತದೆ. ಬಿಳಿಯಾಗಿದ್ದರೆ ಇನ್ನೂ ವಾರಕ್ಕೂ ಹೆಚ್ಚು ಕಾಯಬೇಕು, ಗುಲಾಬಿಗೆ ತಿರುಗಿದರೆ ಕೆಲವು ದಿನ, ಕೆಂಪಾದರೆ ಇವತ್ತೋ ನಾಳೆಯೋ. ಗೆರೆಯ ಬಣ್ಣ ನೋಡಿ ಏಡಿಗಳನ್ನು ಬೇರೆಬೇರೆ ತೊಟ್ಟಿಗೆ ಹಾಕುತ್ತಾರೆ. ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಏಡಿಮನೆಗಳಲ್ಲಿ, ಕೊಲ್ಲಿಯ ನೀರು ಸದಾ ಹರಿಯುವ ಆ ತೊಟ್ಟಿಗಳನ್ನು ಹಗಲೂ ರಾತ್ರಿಯೂ ನೋಡುತ್ತಿರಬೇಕು. ಇಂಥ ಕಣ್ಣಿರುವವರಿಗೆ ಪ್ರಕೃತಿಯ ಪರಿಜ್ಞಾನವಿಲ್ಲ ಎನ್ನಲು ಯಾರಿಗೂ ಹಕ್ಕಿಲ್ಲ. ಹಾಗೆಂದು ಅವರ ಪೂರ್ವಿಕರು ಸದಾ ಹಿತಮಿತವಾಗಿದ್ದರು ಎಂದೂ ಅಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಚೆಸಪೀಕ್‌ನ ಸಿಂಪಿಗಳನ್ನು ತಳ ಕೆರೆದು ಬಾಚಿದ್ದರಲ್ಲಿ ಕೊಲ್ಲಿಯ ಎಲ್ಲ ಊರುಗಳ ಪಾಲೂ ಇತ್ತು. ಸಿಂಪಿಯ ಸಂತಾನ ಮತ್ತೆ ಮೊದಲಿನಂತಾಗಲೇ ಇಲ್ಲ. ಏಡಿಯ ಮೇಲೆ ಇಷ್ಟು ಹೊರೆ ಬಿದ್ದದ್ದು ಸಿಂಪಿ ಹೋದ ಮೇಲೆಯೇ.

1990ರ ದಶಕದಲ್ಲಿ ಏಡಿಯೂ ಕಡಿಮೆಯಾಗತೊಡಗಿತು. ಸರ್ಕಾರ ನಿಯಮ ಬಿಗಿ ಮಾಡಿತು, ಚೆಸಪೀಕ್ ಬೇ ಫೌಂಡೇಶನ್ ಎಂಬ ಪರಿಸರ ಸಂಸ್ಥೆ ಇನ್ನೂ ಬಿಗಿ ಬೇಕೆಂದಿತು. ದ್ವೀಪದವರ ಕಣ್ಣಿಗೆ ಆ ಸಂಸ್ಥೆ ಶತ್ರುವಾಯಿತು. ಈ ಹಗೆಯ ನಡುವೆ ಸಂಶೋಧನೆಗೆಂದು ಬಂದವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೂಸನ್ ಡ್ರೇಕ್. ಅಂಕಿಅಂಶ ಮುಂದಿಟ್ಟು ಗದರಿದರೆ ಪ್ರಯೋಜನವಿಲ್ಲ ಎಂದು ಅವರು ಬೇಗ ಕಂಡುಕೊಂಡರು. ದ್ವೀಪದ ಬದುಕು ನಿಂತಿದ್ದು ಬೈಬಲಿನ ಮೇಲೆ. ಆಕೆ ಮಾತು ತೆಗೆದದ್ದೂ ಅಲ್ಲಿಂದಲೇ. ಸೃಷ್ಟಿ ದೇವರದಾದರೆ ಅದನ್ನು ಕೆಡಿಸುವುದು ಪಾಪ, ದೊರೆಯ ಕಾನೂನಿಗೆ ವಿಧೇಯನಾಗು ಎಂದ ಗ್ರಂಥ ಮೀನುಗಾರಿಕೆಯ ಕಾನೂನನ್ನು ಹೊರಗಿಟ್ಟಿಲ್ಲ. ಒಡಂಬಡಿಕೆ ಹುಟ್ಟಿದ್ದು ಹೀಗೆ. ಸಹಿ ಹಾಕಿದವರು ದೋಣಿಯ ಆಂಟೆನಾಕ್ಕೆ ಕೆಂಪು ರಿಬ್ಬನ್ ಕಟ್ಟಿದರು. ಹೆಂಗಸರು ತಮ್ಮದೇ ಸಂಘ ಮಾಡಿಕೊಂಡು ರಾಜ್ಯದ ಅಧಿಕಾರಿಗಳೊಂದಿಗೆ ಮಾತುಕತೆಗೆ ಕೂತರು. ವಿರೋಧಿಸಿದವರೂ ಇದ್ದರು, ಊರು ಸ್ವಲ್ಪ ಕಾಲ ಎರಡಾಯಿತು. ಆದರೂ ಪರಿಸರದ ಹೆಸರೆತ್ತಿದರೆ ಸಿಟ್ಟಾಗುತ್ತಿದ್ದ ಜನ, ಅಳತೆಗಿಂತ ಸಣ್ಣದಾದ ಏಡಿಯನ್ನು ಯಾರೂ ನೋಡದಿದ್ದರೂ ನೀರಿಗೆ ಬಿಡುತ್ತೇನೆಂದು ದೇವರ ಮುಂದೆ ಮಾತು ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಈ ಒಡಂಬಡಿಕೆ ಫಲ ಕೊಡಲು ಕಾರಣವೂ ಸ್ಪಷ್ಟವಿದೆ. ತಪ್ಪು ಮಾಡುವ ಕೈ, ತಪ್ಪಿನಿಂದಾಗುವ ಹಾನಿ, ತಿದ್ದುವ ದಾರಿ ಮೂರೂ ಒಂದೇ ನೀರಿನಲ್ಲಿದ್ದವು. ಐದು ಅಂಗುಲಕ್ಕಿಂತ ಕಿರಿದಾದ ಏಡಿಯನ್ನು ಇಂದು ಬಿಟ್ಟರೆ ಮುಂದೆ ಅದೇ ಬುಟ್ಟಿಗೆ ದೊಡ್ಡ ಏಡಿ ಬರುತ್ತದೆ.

ಅಷ್ಟಾದರೂ ಕೊಲ್ಲಿಯ ಏಡಿಯನ್ನು ಉಳಿಸಲು ಪ್ರತಿಜ್ಞೆಯೊಂದೇ ಸಾಲಲಿಲ್ಲ ಎಂಬುದನ್ನು ಗಮನಿಸಬೇಕು. ಏಡಿಯ ಸಂಖ್ಯೆ ಇಳಿಯುತ್ತಲೇ ಹೋಯಿತು. 2008ರಲ್ಲಿ ವರ್ಜೀನಿಯಾ ಮತ್ತು ಮೇರಿಲ್ಯಾಂಡ್ ಎರಡೂ ಸೇರಿ ಹೆಣ್ಣು ಏಡಿ ಹಿಡಿಯುವುದಕ್ಕೆ ಕಡಿವಾಣ ಹಾಕಿದವು. ಚಳಿಗಾಲದಲ್ಲಿ ಕೊಲ್ಲಿಯ ತಳ ಬಾಚುವುದನ್ನು ವರ್ಜೀನಿಯಾ ನಿಲ್ಲಿಸಿತು. ಕೆಲಸ ಕಳೆದುಕೊಂಡವರಿಗೆ ಕೇಂದ್ರದ ನೆರವು ಬಂತು. ನೀರಿನಡಿ ಕಳೆದುಹೋಗಿ ಏಡಿಗಳನ್ನು ಸುಮ್ಮನೆ ಕೊಲ್ಲುತ್ತಿದ್ದ ಹಳೆಯ ಬುಟ್ಟಿಗಳನ್ನು ಎತ್ತುವ ಕೂಲಿ ಕೊಟ್ಟು ಅವರನ್ನೇ ಹಚ್ಚಿದರು. ಎರಡು ವರ್ಷದಲ್ಲಿ, ಚಳಿಗಾಲದ ಗಣತಿಯ ಪ್ರಕಾರ, ಕೊಲ್ಲಿಯ ಏಡಿ ಎರಡು ಪಟ್ಟು ಮೀರಿತು. ಆ ಕಾನೂನನ್ನು ಮೀನುಗಾರರು ಅಂದು ಒಪ್ಪಿರಲಿಲ್ಲ. ಒಬ್ಬೊಬ್ಬನ ಸದಾಚಾರ, ಗಣತಿ ಮಾಡುವ ವಿಜ್ಞಾನ, ಎರಡು ರಾಜ್ಯಗಳ ಕಾನೂನು ಕೂಡಿದಾಗಷ್ಟೇ ಒಂದು ಕೊಲ್ಲಿಯ ಒಂದು ಜೀವಿ ಚೇತರಿಸಿಕೊಂಡಿತು. ಇಡೀ ಭೂಮಿಯ ಗಾಳಿಯ ವಿಷಯದಲ್ಲಿ ಸ್ವಂತ ನಡತೆಯೊಂದೇ ಸಾಕು ಎನ್ನುವವರು ಈ ಏಡಿಯ ಕಥೆಗೆ ಉತ್ತರ ಹೇಳಬೇಕು.

ಇತ್ತ ವಾಷಿಂಗ್ಟನ್ನಿನಲ್ಲಿ ಬೇರೆಯದೇ ಚರಿತ್ರೆ ನಡೆಯುತ್ತಿತ್ತು. ಹವಾಮಾನದ ನಿರಾಕರಣೆ ರಿಪಬ್ಲಿಕನ್ ಪಕ್ಷಕ್ಕೆ ಹುಟ್ಟಿನಿಂದ ಬಂದದ್ದಲ್ಲ. 1988ರ ಜೂನ್‌ನಲ್ಲಿ ನಾಸಾದ ಜೇಮ್ಸ್ ಹ್ಯಾನ್ಸನ್ ಸೆನೆಟ್ ಸಮಿತಿಯ ಮುಂದೆ ಭೂಮಿ ಬಿಸಿಯಾಗುತ್ತಿರುವುದನ್ನು ಹೇಳಿದ ಮೇಲೆ, ಅದೇ ವರ್ಷದ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಜಾರ್ಜ್ ಬುಷ್ ಶ್ವೇತಭವನದ ಬಲದಿಂದ ಇದನ್ನು ಎದುರಿಸುತ್ತೇನೆಂದು ಮಾತು ಕೊಟ್ಟಿದ್ದರು. ಮರುವರ್ಷವೇ ತೈಲ, ಕಲ್ಲಿದ್ದಲು, ವಾಹನ ಉದ್ಯಮಗಳು ಸೇರಿ ಗ್ಲೋಬಲ್ ಕ್ಲೈಮೇಟ್ ಕೊಯಲಿಶನ್ ಎಂಬ ಕೂಟ ಕಟ್ಟಿದವು. 1997ರ ಜುಲೈನಲ್ಲಿ ಸೆನೆಟ್ 95–0 ಮತಗಳಿಂದ, ಅಭಿವೃದ್ಧಿಶೀಲ ದೇಶಗಳ ಮೇಲೂ ಕಟ್ಟುಪಾಡು ಇಲ್ಲದ ಒಪ್ಪಂದಕ್ಕೆ ಅಮೆರಿಕ ಸಹಿ ಹಾಕಬಾರದೆಂದು ನಿರ್ಣಯಿಸಿತು. ಅದರಲ್ಲಿ ಎರಡೂ ಪಕ್ಷದವರಿದ್ದರು. ಸಂಶಯ ಬಿತ್ತುವ ಯೋಜನೆ ಬಂದದ್ದು ಅದರ ಮರುವರ್ಷ. ನಡುವೆ ಎದುರು ಪ್ರಯತ್ನಗಳೂ ಆದವು. 2006ರಲ್ಲಿ 86 ಇವ್ಯಾಂಜೆಲಿಕಲ್ ಧಾರ್ಮಿಕ ಮುಖಂಡರು ಹವಾಮಾನ ಬದಲಾವಣೆ ನಿಜ, ಕ್ರೈಸ್ತರು ಎಚ್ಚೆತ್ತುಕೊಳ್ಳಬೇಕು ಎಂದು ಹೇಳಿಕೆ ಹೊರಡಿಸಿದರು. ಅದೇ ಸಮುದಾಯದ ಇನ್ನೊಂದು ಬಣ ಕೂಡಲೇ ಅದರ ವಿರುದ್ಧ ನಿಂತಿತು. ಟ್ಯಾಂಜಿಯರ್‌ನ ಏಡಿಯವನು ತೈಲ ಸಂಘದ ಯೋಜನೆಯನ್ನು ಓದಿರಲಾರ, ಓದಬೇಕಾಗಿಯೂ ಇರಲಿಲ್ಲ. ತನ್ನ ಬುಟ್ಟಿಗೆ ಲೆಕ್ಕ ಹಾಕಿದ ಅಧಿಕಾರಿ, ತನ್ನನ್ನು ಕೊಲ್ಲಿಯ ಕಳ್ಳನೆಂದು ಕಂಡ ನಗರದ ಪರಿಸರವಾದಿ, ಕಡಲು ಏರುತ್ತದೆ ಎನ್ನುವ ವಿಜ್ಞಾನಿ, ಇವರೆಲ್ಲ ಅವನ ಲೆಕ್ಕದಲ್ಲಿ ಒಂದೇ ಕಡೆಯವರು. ತನ್ನ ದೇವರು, ತನ್ನ ದುಡಿಮೆ, ತನ್ನ ಮರ್ಯಾದೆಯ ಪರ ಮಾತಾಡುವವರು ಇನ್ನೊಂದು ಕಡೆ. ಹವಾಮಾನದ ಮಾತೆಲ್ಲ ಬೂಟಾಟಿಕೆ ಎಂದು ಹೇಳುತ್ತಿದ್ದವರೂ ಅವರೇ. 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ದ್ವೀಪದ ಸುಮಾರು ಶೇ. 87 ಮತ ರಿಪಬ್ಲಿಕನ್ ಅಭ್ಯರ್ಥಿ ಡೊನಾಲ್ಡ್ ಟ್ರಂಪ್‌ಗೆ ಬಿತ್ತು.

2015ರ ಡಿಸೆಂಬರ್‌ನಲ್ಲಿ ಸೇನಾ ಎಂಜಿನಿಯರುಗಳ ವಿಭಾಗದ ಜೀವವಿಜ್ಞಾನಿ ಡೇವಿಡ್ ಶುಲ್ಟ್ ಮತ್ತು ಸಂಗಡಿಗರು ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1850ರಿಂದೀಚೆಗೆ ಟ್ಯಾಂಜಿಯರ್ ದ್ವೀಪಗಳು ಮೂರರಲ್ಲಿ ಎರಡು ಪಾಲು ನೆಲವನ್ನು ಕಳೆದುಕೊಂಡಿವೆ, ಏನೂ ಮಾಡದಿದ್ದರೆ ಇನ್ನು ಐವತ್ತು ವರ್ಷಗಳೊಳಗೆ ಊರನ್ನು ಬಿಡಬೇಕಾದೀತು ಎಂಬುದು ಅದರ ಎಚ್ಚರಿಕೆ. 2017ರ ಜೂನ್‌ನಲ್ಲಿ, ಹವಾಮಾನ ಕುರಿತ ಪ್ಯಾರಿಸ್ ಒಪ್ಪಂದದಿಂದ ಹೊರಬರುವುದಾಗಿ ಟ್ರಂಪ್ ಘೋಷಿಸಿದ ಕೆಲವೇ ದಿನಗಳಿಗೆ, ಸಿಎನ್‌ಎನ್ ವಾಹಿನಿ ದ್ವೀಪದ ಬಗ್ಗೆ ಒಂದು ವರದಿ ಮಾಡಿತು. ಮೇಯರ್ ಜೇಮ್ಸ್ ಎಸ್ಕ್ರಿಜ್ ಅದರಲ್ಲಿ ಟ್ರಂಪ್ ಮೇಲಿನ ಅಭಿಮಾನವನ್ನು ಮುಚ್ಚಿಡಲಿಲ್ಲ. ಅಧ್ಯಕ್ಷರೇ ಅವರಿಗೆ ಫೋನ್ ಮಾಡಿದರು. ಕಡಲಿನ ಏರಿಕೆಯ ಚಿಂತೆ ಬೇಡ, ನಿಮ್ಮ ದ್ವೀಪ ನೂರಾರು ವರ್ಷ ಇತ್ತು, ಇನ್ನೂ ನೂರಾರು ವರ್ಷ ಇರುತ್ತದೆ ಎಂಬರ್ಥದ ಮಾತು ಹೇಳಿದರೆಂದು ಎಸ್ಕ್ರಿಜ್ ತಿಳಿಸಿದರು. ಆಗಸ್ಟ್‌ನಲ್ಲಿ ಹವಾಮಾನದ ಪರ ಪ್ರಚಾರ ಮಾಡುವ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಅವರೊಂದಿಗಿನ ಟಿ.ವಿ. ಸಂವಾದದಲ್ಲಿ ಎಸ್ಕ್ರಿಜ್ ಒಂದು ನೇರ ಪ್ರಶ್ನೆ ಕೇಳಿದರು: ನಾನು ವಿಜ್ಞಾನಿಯಲ್ಲ, ಆದರೆ ಸೂಕ್ಷ್ಮವಾಗಿ ಗಮನಿಸುವವನು, ಕಡಲು ಏರುತ್ತಿದ್ದರೆ ನನ್ನ ಕಣ್ಣಿಗೇಕೆ ಕಾಣುತ್ತಿಲ್ಲ? 1970ರಲ್ಲಿ ಕಟ್ಟಿದ ತಮ್ಮ ಏಡಿಮನೆಯಲ್ಲಿ ನೀರಿನ ಮಟ್ಟ ಅಂದು ಇದ್ದಂತೆಯೇ ಇದೆ, ದ್ವೀಪವನ್ನು ತಿನ್ನುತ್ತಿರುವುದು ಅಲೆಯ ಕೊರೆತ ಎಂಬುದು ಅವರ ನಿಲುವು. ಹಳೆಯ ನೀತಿಕಥೆಯೊಂದನ್ನು ಹೇಳಿ ಗೋರ್ ಉತ್ತರ ಕೊಟ್ಟರು. ಆ ಪ್ರಶ್ನೆಗೆ ಅದಕ್ಕಿಂತ ನೇರವಾದ ಉತ್ತರ ಸಿಗಬೇಕಿತ್ತು.

ಉತ್ತರವಿದೆ. ಚೆಸಪೀಕ್‌ನಲ್ಲಿ ನೆಲಕ್ಕೆ ಹೋಲಿಸಿದರೆ ನೀರು ಏರುತ್ತಿರುವುದು ವರ್ಷಕ್ಕೆ ಸುಮಾರು ನಾಲ್ಕು ಮಿಲಿಮೀಟರ್. 1970ರಿಂದ 2017ರವರೆಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 19 ಸೆಂಟಿಮೀಟರ್. ಟ್ಯಾಂಜಿಯರ್‌ನಲ್ಲಿ ದಿನಕ್ಕೆರಡು ಬಾರಿ ಬಂದು ಹೋಗುವ ಉಬ್ಬರವಿಳಿತವೇ ಸುಮಾರು ಅರ್ಧ ಮೀಟರ್. ಗಾಳಿ ಜೋರಾಗಿ ಒಂದೇ ಕಡೆಯಿಂದ ಬೀಸಿದರೆ ಅದಕ್ಕಿಂತಲೂ ಹೆಚ್ಚು. ಏಡಿಯ ಹಿಂಗಾಲಿನ ಗೆರೆ ಓದುವ ಕಣ್ಣಿಗೂ ದಿನದಿನದ ಈ ಏರಿಳಿತದೊಳಗಿಂದ ನಲವತ್ತೇಳು ವರ್ಷದ ಏರಿಕೆಯನ್ನು ಬೇರ್ಪಡಿಸಲಾಗದು. ಅದಕ್ಕೆ ಬೇಕಾದದ್ದು ಒಂದೇ ಜಾಗದಲ್ಲಿ ದಶಕಗಳ ಕಾಲ ಬರೆದಿಟ್ಟ ಮಾಪಕದ ದಾಖಲೆ. ನೀರಿನ ಬಳಿ ಬದುಕಿದವನ ಅನುಭವ ದೊಡ್ಡದು, ಆದರೆ ಈ ಒಂದು ವಿಷಯದಲ್ಲಿ ಅನುಭವಕ್ಕಿಂತ ಪುಸ್ತಕದಲ್ಲಿ ಬರೆದ ಅಂಕಿ ಹೆಚ್ಚು ಕಂಡಿದೆ.

ಕೊರೆತದ ವಾದದಲ್ಲಿ ಸತ್ಯಾಂಶವಿದೆ, ಅದನ್ನು ಒಪ್ಪಲೇಬೇಕು. ಕೊಲ್ಲಿಯ ದ್ವೀಪಗಳು ಕಾರ್ಖಾನೆಗಳಿಗೂ ಮೊದಲೇ ಸವೆಯುತ್ತಿದ್ದವು. ಇಲ್ಲಿ ನೆಲವೂ ಇಳಿಯುತ್ತಿದೆ: ಹಾಸಿಗೆಯ ನಡುವೆ ಕೂತರೆ ಅಂಚು ಏಳುವಂತೆ, ಹಿಮಯುಗದಲ್ಲಿ ಉತ್ತರದ ಹಿಮರಾಶಿಯ ಭಾರಕ್ಕೆ ಈ ಭಾಗ ಮೇಲೆದ್ದಿತ್ತು, ಹಿಮ ಕರಗಿದ ಮೇಲೆ ಸಾವಿರಾರು ವರ್ಷಗಳಿಂದ ನಿಧಾನವಾಗಿ ಕುಸಿಯುತ್ತಿದೆ. ಅಂತರ್ಜಲ ಎತ್ತಿದ್ದೂ ಸೇರಿದೆ. ಹಾಗಾಗಿ ಇಲ್ಲಿನ ಏರಿಕೆಯಲ್ಲಿ ಹೆಚ್ಚುಕಡಿಮೆ ಅರ್ಧ ನೆಲದ ಇಳಿತದ್ದು. ಉಳಿದರ್ಧ ಕಡಲಿನದು, ಮತ್ತು ವೇಗ ಹೆಚ್ಚುತ್ತಿರುವುದು ಆ ಪಾಲಿನಲ್ಲೇ. ಇನ್ನೂ ಮುಖ್ಯವಾದದ್ದು, ಅಲೆ ಕೊರೆಯುವುದು ದ್ವೀಪದ ಅಂಚನ್ನು. 1989ರಲ್ಲಿ ಸರ್ಕಾರ ವಿಮಾನದಾರಿಯ ಪಕ್ಕ ಪಶ್ಚಿಮ ದಡಕ್ಕೆ ಕಲ್ಲಿನ ತಡೆಗೋಡೆ ಕಟ್ಟಿತು. ಅಲ್ಲಿ ಕೊರೆತ ನಿಂತಿತು. ಸಮಸ್ಯೆ ಅಲೆಯದು ಮಾತ್ರವಾಗಿದ್ದರೆ ಗೋಡೆಯ ಹಿಂದಿನ ಊರು ಒಣಗಿ ಉಳಿಯಬೇಕಿತ್ತು. 2021ರ ಇನ್ನೊಂದು ಅಧ್ಯಯನ 1967ರಿಂದ 2019ರವರೆಗಿನ ಚಿತ್ರಗಳನ್ನು ಹೋಲಿಸಿ, ಮನೆ ಕಟ್ಟಬಹುದಾದ ಒಣನೆಲದಲ್ಲಿ ಸುಮಾರು ಶೇ. 62 ಹೋಗಿದೆ ಎಂದು ತೋರಿಸಿತು. ಅಲೆಯೇ ಮುಟ್ಟದ ಒಳಗಿನ ದಿಬ್ಬಗಳೂ ಜೌಗಾಗಿ ತಿರುಗಿವೆ. ಹುಲ್ಲುಹಾಸಿದ್ದ ಅಂಗಳದಲ್ಲಿ ಉಪ್ಪುನೀರಿನ ಜೊಂಡು ಬೆಳೆಯುವುದಕ್ಕೆ ಅಲೆ ಕಾರಣವಲ್ಲ. ಕೆಳಗಿನಿಂದ ನೀರು ಮೇಲೆ ಬಂದಿದೆ. ಉತ್ತರಕ್ಕಿರುವ ಹಾಲೆಂಡ್ ದ್ವೀಪದಲ್ಲಿ 1910ರ ಸುಮಾರಿಗೆ 360 ಜನರಿದ್ದರು, ಅಂಗಡಿ, ಶಾಲೆ, ಬೇಸ್‌ಬಾಲ್ ತಂಡ ಇದ್ದವು. 1922ರ ಹೊತ್ತಿಗೆ ಊರು ಖಾಲಿ. ಕಡೆಯ ಒಂದು ಮನೆಯನ್ನು ಉಳಿಸಲು ಒಬ್ಬರು ಸ್ವಂತ ಹಣದಿಂದ ವರ್ಷಗಟ್ಟಲೆ ಕಲ್ಲು, ಮರ, ಮರಳಚೀಲ ಒಡ್ಡಿದರು. 2010ರ ಅಕ್ಟೋಬರ್‌ನಲ್ಲಿ ಅದೂ ಕುಸಿಯಿತು. ಸ್ವಂತ ಕಾಳಜಿ ಅದಕ್ಕಿಂತ ಹೆಚ್ಚು ಏನು ಮಾಡಬಲ್ಲದು?

ನಾನೂರು ಜನ ಬಡ ಮೀನುಗಾರರ ನಂಬಿಕೆಯಿಂದ ಭೂಮಿಗೇನು ಹಾನಿ, ಅವರ ಹೊಗೆ ಎಷ್ಟು, ಅವರನ್ನೇಕೆ ಕಟಕಟೆಗೆ ತರಬೇಕು ಎಂದು ಕೇಳಬಹುದು. ಹೊಗೆಯ ಲೆಕ್ಕದಲ್ಲಿ ಅದು ಪೂರ್ತಿ ನಿಜ. ನನ್ನ ದೂರಿರುವುದು ಅವರ ನಂಬಿಕೆಯನ್ನು ಬಳಸಿಕೊಂಡವರ ಮೇಲೆ. ಕಡಲಿನಿಂದ ಮೊದಲು ಮುಳುಗಲಿರುವವರೇ ಕಡಲು ಏರುತ್ತಿಲ್ಲ ಎಂದರೆ, ಅದಕ್ಕಿಂತ ಒಳ್ಳೆಯ ಸಾಕ್ಷಿ ನಿರಾಕರಣೆಯ ರಾಜಕೀಯಕ್ಕೆ ಬೇರೆಲ್ಲಿ ಸಿಕ್ಕೀತು? ಫೋನಿನಲ್ಲಿ ಧೈರ್ಯ ಹೇಳಿದ ಆ ವರ್ಷವೇ ಟ್ರಂಪ್ ಆಡಳಿತದ ಬಜೆಟ್ ಪ್ರಸ್ತಾಪ, ಕೊಲ್ಲಿಯನ್ನು ಶುದ್ಧಗೊಳಿಸುವ ಕೇಂದ್ರದ ಕಾರ್ಯಕ್ರಮಕ್ಕೆ ಕೊಡುತ್ತಿದ್ದ 7.3 ಕೋಟಿ ಡಾಲರನ್ನು ಪೂರ್ತಿ ತೆಗೆದುಹಾಕಿತ್ತು. ಹಣ ಉಳಿಸಿದ್ದು ಅಮೆರಿಕದ ಸಂಸತ್ತಾದ ಕಾಂಗ್ರೆಸ್. ಇನ್ನೂ ಒಂದು ಹಾನಿ ಅವರ ಕಾಳಜಿಯ ಒಳಗೇ ಆಗುತ್ತದೆ. ಚಿಪ್ಪು ಕಳಚುವ ಏಡಿ ಅಡಗುವುದು ದ್ವೀಪದ ಸುತ್ತಲಿನ ತಿಳಿನೀರಿನ ಕಡಲಹುಲ್ಲಿನಲ್ಲಿ. ಆ ಹುಲ್ಲು ಬಿಸಿನೀರನ್ನು ತಾಳದು. 2005ರ ಕಡುಬೇಸಿಗೆಯಲ್ಲಿ ಕೊಲ್ಲಿಯ ಕೆಳಭಾಗದಲ್ಲಿ ಅದು ಭಾರಿ ಪ್ರಮಾಣದಲ್ಲಿ ಸತ್ತಿತು. ಸಣ್ಣ ಏಡಿಯನ್ನು ನಿಷ್ಠೆಯಿಂದ ನೀರಿಗೆ ಬಿಟ್ಟವನ ಪ್ರತಿಜ್ಞೆ, ಆ ಏಡಿಗೆ ಅಡಗಲು ಹುಲ್ಲೇ ಇಲ್ಲದಂತೆ ಮಾಡುವ ಶಾಖದ ಮುಂದೆ ಏನೂ ಅಲ್ಲದಾಗುತ್ತದೆ. ಹವಾಮಾನವನ್ನು ಒಪ್ಪಿಕೊಂಡ ನಗರದವರು ಇದರಿಂದ ಹೆಮ್ಮೆಪಡುವಂತಿಲ್ಲ. ಒಪ್ಪಿಗೆಯನ್ನು ಬಾಯಲ್ಲಿಟ್ಟುಕೊಂಡು ಬದುಕನ್ನು ಕೂದಲೆಳೆಯಷ್ಟೂ ಬದಲಿಸದವರಿಗಿಂತ, ಕೆಂಪು ರಿಬ್ಬನ್ ಕಟ್ಟಿದವರು ನೈತಿಕವಾಗಿ ಬಹಳ ಮುಂದಿದ್ದಾರೆ ಎಂದೇ ನಾನು ನಂಬುತ್ತೇನೆ.

ದ್ವೀಪದವರು ದಶಕಗಳಿಂದ ಕೇಳುತ್ತಿರುವುದು ಸುತ್ತ ಒಂದು ಗೋಡೆ. ಕೊರೆತ ಎಂದರೆ ಗೋಡೆ ಕೇಳಬಹುದು, ಸರ್ಕಾರ ಕಟ್ಟಬೇಕು. ಹವಾಮಾನ ಎಂದರೆ ಊರು ಬಿಡಿ ಎಂಬ ಉತ್ತರ ಬಂದೀತೆಂಬ ಭಯ. ಆ ಭಯಕ್ಕೆ ಆಧಾರವಿದೆ, ಅವರ ಅಸಮಾಧಾನಕ್ಕೂ ಇದೆ. ಮೇರಿಲ್ಯಾಂಡಿನ ಪಾಪ್ಲರ್ ದ್ವೀಪ 1,100 ಎಕರೆಯಿಂದ ಐದು ಎಕರೆಗೆ ಇಳಿದಿತ್ತು. ಬಾಲ್ಟಿಮೋರ್ ಬಂದರಿಗೆ ಬರುವ ಹಡಗುದಾರಿಯಿಂದ ತೆಗೆದ ಹೂಳು ತುಂಬಿ 1998ರಿಂದ ಅದನ್ನು ಮತ್ತೆ ಎತ್ತಿದರು, ಹಕ್ಕಿಗಳಿಗಾಗಿ. ಜನರಿರುವ ದ್ವೀಪಕ್ಕೆ 2020ರ ಹೊತ್ತಿಗೆ ಸಿಕ್ಕಿದ್ದು ದೋಣಿದಾರಿಗೆ ಒಂದು ಚಿಕ್ಕ ಜೆಟ್ಟಿ. ಆದರೆ ಗೋಡೆಯ ಎತ್ತರ ಎಷ್ಟಿರಬೇಕು ಎಂಬುದು ಕಾರಣವನ್ನು ಒಪ್ಪದೆ ತೀರ್ಮಾನವಾಗದ ಪ್ರಶ್ನೆ. ಅಲೆಯೊಂದನ್ನೇ ಲೆಕ್ಕ ಹಿಡಿದರೆ ದಡದ ಕಲ್ಲು ಸಾಕು. ಕಡಲನ್ನು ಲೆಕ್ಕ ಹಿಡಿದರೆ ದಿಬ್ಬಗಳನ್ನೇ ಎತ್ತರಿಸಬೇಕು, ಮನೆ, ರಸ್ತೆ, ಚರಂಡಿ ಎಲ್ಲವನ್ನೂ ಸೇರಿಸಿ. 2021ರ ಅಧ್ಯಯನದ ಅಂದಾಜಿನಲ್ಲಿ ಅದಕ್ಕೆ 25ರಿಂದ 35 ಕೋಟಿ ಡಾಲರ್, ಊರನ್ನು ಸ್ಥಳಾಂತರಿಸಲು 10ರಿಂದ 20 ಕೋಟಿ. ಟ್ಯಾಂಜಿಯರ್ ಮನವಿ ಸಲ್ಲಿಸುತ್ತಿರುವುದು ಸೇನಾ ಎಂಜಿನಿಯರುಗಳ ವಿಭಾಗಕ್ಕೆ. ಕರಾವಳಿಯ ಪ್ರತಿ ಕಾಮಗಾರಿಯ ನಕ್ಷೆಯಲ್ಲೂ ಕಡಲಿನ ಏರಿಕೆ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಅಂದಾಜುಗಳನ್ನು ಲೆಕ್ಕಕ್ಕೆ ಹಿಡಿಯಲೇಬೇಕೆಂಬುದು ಆ ವಿಭಾಗದ ಸ್ವಂತ ನಿಯಮ. ಶ್ವೇತಭವನದಿಂದ ಬಂದ ಫೋನಿನ ಭರವಸೆಗೆ ಆ ನಕ್ಷೆಯಲ್ಲಿ ಬರೆಯುವುದಕ್ಕೆ ಒಂದು ಅಂಕಿಯೂ ಇಲ್ಲ.